ಜಾಖಾಯಿ ಗುಡ್ಡದ ಹೊಸ ಫಲಕ

ಮೂರನೆಯ ಏಟು ಬಿದ್ದ ಮೇಲೆ ಪದ್ಮಾಕರ ಲೇಲೆಯವರಿಗೆ ತಮ್ಮ ಕೈ ಇನ್ನೂ ಮೇಲೆ ಎತ್ತಿಕೊಂಡೇ ಇದೆಯೆಂಬುದು ಗೊತ್ತಾಯಿತು. ನಾಲ್ಕನೆಯದಕ್ಕೆ ಎತ್ತಿದ ಕೈ. ಅದನ್ನು ನಿಧಾನವಾಗಿ ಇಳಿಸಿದರು. ಬಂಡೆಯ ಬುಡದಲ್ಲಿ ಹಾವು ಹೊರಳುವುದು ನಿಂತಿತ್ತು. ಬಾಲದ ತುದಿ ಮಾತ್ರ ಒಂದೆರಡು ಸಲ ನೆಲ ಸವರಿ ಸುಮ್ಮನಾಯಿತು. ಮೇಲೆಲ್ಲೋ ಮುತ್ತುಗದ ಗಿಡಗಳ ಆಚೆ ನವಿಲೊಂದು ಕೂಗಿತು, ಅದಕ್ಕೆ ಕಣಿವೆಯ ಆ ಕಡೆಯಿಂದ ಇನ್ನೊಂದು ಓಗೊಟ್ಟಿತು. ಹಿಂದಿನ ಸಂಜೆ ಬಿದ್ದ ಮೊದಲ ಮಳೆಗೆ ಜಾಖಾಯಿ ಗುಡ್ಡದ ಒಣಹುಲ್ಲು ಇನ್ನೂ ಒದ್ದೆಯಾಗಿತ್ತು. ಬೆಳಕು ಅರ್ಧ ಮೂಡಿತ್ತು. ಮಳೆ ಬಿದ್ದ ಗುಡ್ಡ ನೋಡುವ ಆಸೆಗೆ ಅವರು ಯಾರಿಗೂ ಕಾಯದೆ ಒಬ್ಬರೇ ಬೇಗ ಹತ್ತಿ ಬಂದಿದ್ದರು.

ಆ ಅರ್ಧ ಬೆಳಕನ್ನು ಆಮೇಲೆ ಅವರು ಎಷ್ಟೋ ಸಲ ಬೈದುಕೊಂಡರು. ಶೂಸಿನ ಲೇಸು ಬಿಚ್ಚಿತ್ತು. ತಿರುವಿನ ಬಂಡೆಯ ಮೇಲೆ ಕಾಲಿಟ್ಟು ಬಗ್ಗಿದ್ದರು. ಆಸರೆಗೆ ಕೈ ಊರಿದ ಜಾಗದಿಂದ ಗೇಣು ದೂರದಲ್ಲಿ ಕಂದು ಬಣ್ಣದ, ಕಲೆ ಕಲೆಯ, ತೋಳಿನಷ್ಟು ದಪ್ಪದ ಏನೋ ಸರಿಯಿತು. ಮಂಡಲದ ಹಾವು ಎಂದು ಎದೆ ಹೊಡೆದುಕೊಂಡಿತು. ಮಂಡಲದ ಹಾವು ಕಚ್ಚಿದರೆ ಗುಡ್ಡ ಇಳಿಯುವಷ್ಟರಲ್ಲಿ ಮನುಷ್ಯನ ಕಥೆ ಮುಗಿಯಬಹುದು. ನಾಯಿಗಳಿಗೆಂದು ಹಿಡಿದು ಬರುವ ಕೋಲು ಎದ್ದಿತು, ಬಿತ್ತು. ಏಟು ಬೆನ್ನಿಗೆ ತಗಲಿತು. ಹಾವು ಸಂದಿಗೆ ನುಗ್ಗಲು ತಿರುಗಿತು. ಆಗ ಬಾಲ ಕಂಡಿತು, ಮೊಂಡಾಗಿ, ಹೆಬ್ಬೆರಳಿನ ಹಾಗೆ ಚಿಕ್ಕದಾಗಿ. ಮಣ್ಣುಮುಕ್ಕ. ವಿಷವಿಲ್ಲದ, ಇಲಿ ತಿಂದುಕೊಂಡು ಮಣ್ಣಿನಲ್ಲಿ ಹುದುಗಿ ಬಿದ್ದಿರುವ, ಯಾರ ತಂಟೆಗೂ ಹೋಗದ ಬಡಪಾಯಿ. ಅದು ಮಣ್ಣುಮುಕ್ಕವೆಂದು ಲೇಲೆಯವರಿಗೆ ಆಗಲೇ ತಿಳಿಯಿತು. ತಿಳಿದ ಮೇಲೆ ಎರಡು ಏಟು ಹೊಡೆದರು.

ಪುಣೆಯ ಈ ಗುಡ್ಡವನ್ನು ದಿನಾ ಬೆಳಿಗ್ಗೆ ಹತ್ತುವವರಲ್ಲಿ ಎಲ್ಲ ನಮೂನೆಯ ಜನರಿದ್ದಾರೆ. ಸಕ್ಕರೆ ಕಾಯಿಲೆಯವರು, ಮೊಣಕಾಲು ನೋವಿನವರು, ಸೊಸೆಯ ಜೊತೆ ಮಾತು ಬಿಟ್ಟವರು, ರಿಟೈರಾಗಿ ಮನೆಯಲ್ಲಿ ಯಾರಿಗೂ ಬೇಡವಾದವರು. ಹಾವು ಕಂಡರೆ ಇವರೆಲ್ಲ ಒಂದು ಕಾಲದಲ್ಲಿ ಒಂದೇ ಜಾತಿ: ಕಲ್ಲು ಹುಡುಕುವ ಜಾತಿ. ಟೆಲಿಫೋನ್ ಇಲಾಖೆಯಲ್ಲಿ ತಂತಿ ಎಳೆಸುತ್ತ ಊರೂರು ತಿರುಗಿ ಬಂದ ಲೇಲೆಯವರು ರಿಟೈರಾದ ಮೇಲೆ ಪುಸ್ತಕ ಓದಿ, ಹಾವು ಹಿಡಿಯುವವರ ಬೆನ್ನು ಹತ್ತಿ, ಅವುಗಳ ಕುಲಗೋತ್ರವನ್ನೆಲ್ಲ ಕಲಿತರು. ಆಮೇಲೆ ಪ್ರತಿ ಭಾನುವಾರ ಇದೇ ತಿರುವಿನಲ್ಲಿ ನಿಂತು ಪಾಠ ಹೇಳತೊಡಗಿದರು. ಸರಪಳಿಯ ಹಾಗೆ ಸಾಲಾಗಿ ಉಂಗುರಗಳಿದ್ದರೆ ಮಂಡಲದ ಹಾವು. ಚೆಲ್ಲಾಪಿಲ್ಲಿ ಕಲೆ, ಮೊಂಡ ಬಾಲ ಇದ್ದರೆ ಮಣ್ಣುಮುಕ್ಕ. ಎರಡನ್ನೂ ಹೊಡೆಯಬೇಡಿ, ಎರಡು ಹೆಜ್ಜೆ ಹಿಂದೆ ಸರಿಯಿರಿ, ಅಷ್ಟೇ. ಜನ ಮೊದಲು ನಕ್ಕರು, ಆಮೇಲೆ ಕೇಳಿದರು, ಕೊನೆಗೆ ನಂಬಿದರು. ಈಚೆಗೆ ಹಲವು ವರ್ಷಗಳಿಂದ ಈ ಗುಡ್ಡದ ಮೇಲೆ ವಾಕಿಂಗಿನವರ ಕೈಯಿಂದ ಒಂದು ಹಾವೂ ಸತ್ತಿರಲಿಲ್ಲ. ಅದರ ಬಗ್ಗೆ ಲೇಲೆಯವರಿಗೆ ಸ್ವಲ್ಪ ಹೆಮ್ಮೆಯಿತ್ತು ಎಂದರೆ ಸುಳ್ಳಾಗುತ್ತದೆ. ಬೇಕಾದಷ್ಟು ಹೆಮ್ಮೆಯಿತ್ತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರೆ ಜಾಣರು. ಇಲ್ಲಿ ಹಾವು ಸತ್ತಿತ್ತು, ಕೋಲು ಗಟ್ಟಿಮುಟ್ಟಾಗಿತ್ತು. ಕೆಳಗಿನ ದಾರಿಯಿಂದ, ದಿನಾ ಗುಡ್ಡ ಹತ್ತುವ ಘಾಟೆಯವರ ನಗು ಕೇಳಿಸಿತು. ಲೇಲೆಯವರು ಸುತ್ತ ನೋಡಿದರು. ಕೋಲನ್ನು ಒದ್ದೆ ಹುಲ್ಲಿಗೆ ಒರೆಸಿ ತಿರುವು ದಾಟಿ ಮೇಲಕ್ಕೆ ಹತ್ತಿದರು, ಒಂದು ಕಕ್ಕೆ ಗಿಡದ ಹಿಂದೆ ನಿಂತು ಉಸಿರು ಸರಿಮಾಡಿಕೊಂಡರು, ಆಮೇಲೆ ತುದಿಯ ತನಕ ಹೋಗಿ ಬರುತ್ತಿರುವವರ ಹಾಗೆ ಇಳಿಯತೊಡಗಿದರು. ನಾಟಕದಲ್ಲಿ ಎಂದೂ ಪಾತ್ರ ಮಾಡಿದವರಲ್ಲ. ಕಾಲುಗಳಿಗೆ ಅದೆಲ್ಲಿಂದ ಬಂತೋ ಆ ವಿದ್ಯೆ.

"ಯಾವ ನೀಚನ ಕೆಲಸರೀ ಇದು?" ಎಂದು ಘಾಟೆ ಕಿರುಚುತ್ತಿದ್ದರು. ಮಧುಸೂದನ ಘಾಟೆ ವಾಕಿಂಗ್ ಮಂಡಳದ ಅಧ್ಯಕ್ಷರು, ಬ್ಯಾಂಕಿನಿಂದ ರಿಟೈರಾದವರು. ಅವರ ಸುತ್ತ ಹತ್ತಾರು ಮಂದಿ ಸೇರಿದ್ದರು. "ಲೇಲೆ ಸರ್, ಲಗೂ ಬರ್ರಿಲ್ಲೆ. ಏನಾಗೇದ ನೋಡ್ರಿ ನಮ್ಮ ಗುಡ್ಡದಾಗ."

ಲೇಲೆಯವರು ಬಂದು ನೋಡಿದರು. ನೋಡದೆ ವಿಧಿಯಿರಲಿಲ್ಲ.

"ಯಾವ ಹಾವ್ರಿ ಸರ್ ಇದು?"

"ಮಣ್ಣುಮುಕ್ಕ," ಎಂದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕಲಿಸಿ ರೂಢಿಯಾದ ಬಾಯಿ. "ವಿಷ ಇಲ್ಲ. ಮಂಡಲದ ಹಾವು ಅಂತ ತಪ್ಪು ತಿಳಕೊಂಡು ಹೊಡೀತಾರ ಮಂದಿ. ಬಾಲ ನೋಡಿದ್ರ ಗೊತ್ತಾಗಿಬಿಡ್ತದ."

"ಬಾಲ ನೋಡೂ ವ್ಯವಧಾನ ಎಲ್ಲಿರ್ತದರೀ ಇಂಥಾ ಕಟುಕರಿಗೆ," ಎಂದರು ಘಾಟೆ.

ಶಾಲಿನಿ ಬರ್ವೆ ಕುಕ್ಕರುಗಾಲಲ್ಲಿ ಕುಳಿತು ಹಾವನ್ನು ನೋಡುತ್ತಿದ್ದಳು. ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ರಿಟೈರಾದವಳು, ಒಂಟಿ ಹೆಂಗಸು. ಗಾಯ, ರಕ್ತ, ಹೆಣ ಯಾವುದಕ್ಕೂ ಹೆದರದವಳಿಗೆ ಹಾವೆಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿದ್ದವು. ಡಾಕ್ಟರು ಗುಡ್ಡ ಹತ್ತಲೇಬೇಕೆಂದಾಗ ಬಂದು ಲೇಲೆಯವರ ಬೆನ್ನಿಗೆ ಬಿದ್ದಿದ್ದಳು. ನಾಲ್ಕು ಮಳೆಗಾಲ ಅವರ ಹಿಂದೆ ಹಿಂದೆ ನಡೆದಿದ್ದಳು. ಈಗ ಸತ್ತದ್ದಾದರೂ ಒಂದು ಹಾವನ್ನು ಇಷ್ಟು ಹತ್ತಿರದಿಂದ ನೋಡುವ ಧೈರ್ಯ ಅವಳಿಗೆ ಬಂದದ್ದು ಅವರಿಂದ.

"ಮೂರು ಏಟು," ಎಂದಳು ಬರ್ವೆ. "ಒಂದು ಬೆನ್ನಿಗೆ. ಎರಡು ತಲಿಗೆ."

"ಒಂದಕ್ಕ ಸಾಯಲಿಲ್ಲೇನೋ ಪಾಪ," ಎಂದರು ಯಾರೋ.

"ಒಂದ ಹೊಡದು ಬಿಟ್ಟಿದ್ರ ಉಳೀತಿತ್ತೋ ಏನೋ. ಬೆನ್ನಿಂದು ಅಂಥಾ ದೊಡ್ಡ ಪೆಟ್ಟಲ್ಲ." ಅವಳು ಎದ್ದು ಸೀರೆಯ ನೆರಿಗೆಗೆ ಅಂಟಿದ ಹುಲ್ಲು ಕೊಡವಿದಳು. "ಹೊಡದಾಂವ ಬಿಡಲಿಲ್ಲ."

ಘಾಟೆಯವರು ಆಗಲೇ ಅಪರಾಧಿಯನ್ನು ಹುಡುಕುವುದಕ್ಕೆ ಹೊರಟಿದ್ದರು. ಮೊಬೈಲಿನಲ್ಲಿ ಕುಣಿದು ಚಿತ್ರ ತೆಗೆಯುವ ಕಾಲೇಜು ಹುಡುಗರು ಇರಬೇಕು. ಇಲ್ಲವೆ ಸಂಜೆ ಬಾಟಲಿ ಹಿಡಿದು ಬರುವ ಪಡ್ಡೆಗಳು. "ಏನಂತೀರಿ ಸರ್? ಅವರ ಇರಬೇಕಲ್ಲ?"

"ಇರಬಹುದು," ಎಂದರು ಲೇಲೆಯವರು.

ಕೋಲಿನ ಮೂರು ಏಟಿಗಿಂತ ಆ ಒಂದು ಮಾತು ಹೆಚ್ಚು ಹೇಸಿಗೆಯದೆಂದು ಅವರಿಗೆ ಆಡಿದ ಕ್ಷಣವೇ ಅನ್ನಿಸಿತು. ಆದರೆ ಆಡಿದ ಮಾತು ಆಗಲೇ ಹತ್ತು ಕಿವಿಗಳನ್ನು ಸೇರಿಯಾಗಿತ್ತು.

ಹಾವನ್ನು ಮುತ್ತುಗದ ಬುಡದಲ್ಲಿ ಮಣ್ಣು ಮಾಡಿದರು. ಅಷ್ಟಕ್ಕೆ ಸುಮ್ಮನಾದರೆ ಅವರು ಪುಣೆಯವರೇ ಅಲ್ಲ. ಪುಣೆಯವರಿಗೆ ಸಿಟ್ಟು ಬಂದರೆ ಜಗಳಾಡುವುದಿಲ್ಲ, ಫಲಕ ಬರೆಸುತ್ತಾರೆ. ಗೇಟಿನ ಮೇಲೆ, ಅಂಗಡಿಯ ಮೇಲೆ, ಮೆಟ್ಟಿಲಿನ ಕಟ್ಟೆಯ ಮೇಲೆ, ಓದಿದವನು ನಗಬೇಕು, ನಕ್ಕು ಮುಗಿದ ಮೇಲೆ ಇದು ತನಗೇ ಬರೆದದ್ದೆಂದು ತಿಳಿದು ಮುಖ ಹುಳ್ಳಗಾಗಬೇಕು, ಹಾಗೆ. ಗುಡ್ಡದ ಬುಡದ ತಗಡಿನ ಮಾಡಿಗೆ ಲೇಲೆಯವರೇ ಬರೆದ ಒಂದು ಫಲಕವಿತ್ತು: "ಗುಡ್ಡ ಹತ್ತುತ್ತ ಫೋನಿನಲ್ಲಿ ಜೋರಾಗಿ ಮಾತಾಡುವವರ ಗಮನಕ್ಕೆ. ನಿಮ್ಮ ಮನೆಯ ಗುಟ್ಟು, ಭಾನಗಡಿಯೆಲ್ಲ ನವಿಲುಗಳಿಗೆ ತಿಳಿದುಹೋಗಿದೆ." ಅದನ್ನು ಹಾಕಿದ ಮೇಲೆ ಗುಡ್ಡ ಅರ್ಧ ಶಾಂತವಾಗಿತ್ತು.

"ಈ ತಿರುವಿನಾಗ ಒಂದು ಫಲಕ ಹಾಕೂಣು," ಎಂದರು ಘಾಟೆ. "ಹೊಡದಾಂವ ಇನ್ನೊಮ್ಮೆ ಈ ದಾರಿಲೆ ಬಂದ್ರ ಓದಿ ಸಾಯಬೇಕು. ಬರಿಯೋರು ನೀವ, ಸರ್. ನಿಮ್ಮಷ್ಟು ಚುಚ್ಚೂ ಹಂಗ ಬರಿಯಾವರು ಯಾರಿದ್ದಾರ ಮಂಡಳದಾಗ? ರವಿವಾರ ಅನಾವರಣಾ. ತೆಂಗಿನಕಾಯಿ ನನ್ನ ಲೆಕ್ಕ."

ಮನೆಗೆ ಬಂದ ಲೇಲೆಯವರು ಮೊದಲು ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೋಲು ತೊಳೆದರು. ಹೆಂಡತಿ ಸುಲಭಾ ಥಾಲಿಪೀಠ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

"ಕೋಲಿಗ್ಯಾಕ ಸಾಬಾನ? ಅದರದೇನು ಲಗ್ನ ಅದನ?"

"ರಾಡಿ ಆಗಿತ್ತು."

"ನಿಮ್ಮ ಶೂಸಿಗಂತೂ ಯಾವತ್ತೂ ಇಷ್ಟು ಉಪಚಾರ ಇಲ್ಲ."

ತಟ್ಟೆಯ ಮುಂದೆ ಕುಳಿತಾಗ ಹೇಳಿಬಿಡಬೇಕೆಂದುಕೊಂಡರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಸುಲಭಾಳಿಂದ ಮುಚ್ಚಿಟ್ಟದ್ದು ಒಂದೆರಡು ಸಿಗರೇಟು ಮಾತ್ರ. ಥಾಲಿಪೀಠ ಮುರಿದರು, ಬೆಣ್ಣೆ ಒತ್ತಿದರು. "ಗುಡ್ಡದಾಗ ಇವತ್ತ ಒಂದು ಹಾವು..."

"ಗೊತ್ತದ. ಘಾಟೆ ವೈನಿ ಫೋನ್ ಮಾಡಿದ್ರು. ಯಾವನೋ ಬಡದು ಕೊಂದಾನಂತ." ಸುಲಭಾ ಕಾವಲಿಯ ಮೇಲಿನದನ್ನು ತಿರುವಿ ಹಾಕಿದಳು. "ಪಾಪ, ನೀವು ಎಷ್ಟು ಮರಗಿದ್ರೋ ಅಂತ ಅಂದೆ. ಹೊಡದಾವನ ಕೈಗೆ ಹುಳಾ ಬೀಳ್ಲಿ."

ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಲೇಲೆಯವರು ಅದನ್ನೊಮ್ಮೆ ನೋಡಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಕೇಳಿ ಅವರು ಎಷ್ಟೋ ಸಲ ನಕ್ಕಿದ್ದುಂಟು.

"ಖಾರ ಹೆಚ್ಚಾತೇನು?"

"ಇಲ್ಲ. ಚಲೋ ಅದ."

ಆಮೇಲೆ ಹೇಳುವುದಕ್ಕೆ ಹೊತ್ತು ಬೇಕಾದಷ್ಟಿತ್ತು, ಬಾಯಿ ಮಾತ್ರ ಬರಲಿಲ್ಲ. ಹೇಳಿದರೆ ಅವಳು ಏನೆನ್ನುತ್ತಾಳೆಂದೂ ಗೊತ್ತಿತ್ತು. ಹೆದರಿದ್ರಿ, ಹೊಡದ್ರಿ, ಮನುಷ್ಯಾ ಅಂದಮ್ಯಾಲೆ ಹೆದರಿಕಿ ಇರೂದ ಎನ್ನುತ್ತಾಳೆ. ಮೊದಲ ಏಟನ್ನು ಅವಳು ಕ್ಷಮಿಸುತ್ತಾಳೆ. ಆ ಏಟನ್ನು ಅವರೂ ಕ್ಷಮಿಸಿಕೊಂಡಾಗಿತ್ತು. ಉಳಿದೆರಡಕ್ಕೆ ಏನು ಹೇಳುವುದು? ಹಾವು ನರಳಬಾರದೆಂದು ಹೊಡೆದೆ ಎಂದು ತಮಗೆ ತಾವೇ ಹೇಳಿ ನೋಡಿದರು. ಚೆನ್ನಾಗಿಯೇ ಕೇಳಿಸಿತು. ಆದರೆ ಕೈಗೆ ಅದು ಒಪ್ಪಿಗೆಯಾಗಲಿಲ್ಲ. ಆ ಹೊತ್ತಿನಲ್ಲಿ ತೋಳಿನಲ್ಲಿ ಎಂಥ ಹುರುಪಿತ್ತೆಂದು ಕೈಗೆ ನೆನಪಿತ್ತು.

ಮಧ್ಯಾಹ್ನ ಫಲಕ ಬರೆಯಲು ಕುಳಿತರು. ಎರಡು ಸಾಲು ಸುಮ್ಮನೆ ಬರೆದು ಕೈ ತೊಳೆದುಕೊಳ್ಳುವುದೆಂದು ಕುಳಿತದ್ದು. ಆದರೆ ಅಕ್ಷರದ ಚಟ ಬೇರೆ. ಮೊದಲ ಸಾಲು ಬಂತು, ಸಪ್ಪೆಯೆನಿಸಿತು, ಹೊಡೆದುಹಾಕಿದರು. ಎರಡನೆಯದು ಸ್ವಲ್ಪ ಮೊನಚಾಯಿತು. ಮೂರನೆಯದು ಬಂದಾಗ ತಾವೇ ನಕ್ಕರು. ಸಂಜೆ ಘಾಟೆಯವರಿಗೆ ಫೋನಿನಲ್ಲಿ ಓದಿ ಹೇಳಿದರು:

"ಇಲ್ಲಿ ಒಂದು ನಿರುಪದ್ರವಿ ಹಾವನ್ನು ಹೊಡೆದು ಕೊಂದ ಮಹಾಶೂರರಲ್ಲಿ ವಿನಂತಿ. ಹಾವಿಗೆ ಕೈಯಿರಲಿಲ್ಲ, ಕೈಯಲ್ಲಿ ಕೋಲಿರಲಿಲ್ಲ. ಆದರೂ ತಾವು ಗೆದ್ದಿರಿ, ಅಭಿನಂದನೆ. ಮುಂದಿನ ಸಲ ಇಂಥ ಶೌರ್ಯ ಉಕ್ಕಿದರೆ ಮನೆಯಲ್ಲೇ ಕನ್ನಡಿಯ ಮುಂದೆ ನಿಲ್ಲಿರಿ. ಹೊಡೆಯಲು ತಕ್ಕ ಪ್ರಾಣಿ ಅಲ್ಲೇ ಕಾಣುತ್ತದೆ, ಗುಡ್ಡ ಹತ್ತುವ ಶ್ರಮವೂ ಉಳಿಯುತ್ತದೆ."

ಘಾಟೆ ನಕ್ಕು ನಕ್ಕು ಕೆಮ್ಮಿದರು. "ಕನ್ನಡೀ ಮಾತು ಅದ ಅಲ್ರೀ, ಅದಕ್ಕ ಬೆಲೆ ಕಟ್ಟಾಕ ಆಗೂದಿಲ್ಲ. ಇನ್ನೊಮ್ಮೆ ಓದ್ರಿ." ಲೇಲೆಯವರು ಇನ್ನೊಮ್ಮೆ ಓದಿದರು. ಈ ಸಲ ಕನ್ನಡಿಯ ಹತ್ತಿರ ಒಂದಿಷ್ಟು ತಡೆದು, ದನಿ ಇಳಿಸಿ ಓದಿದರು. ಅವರಿಗೆ ಖುಷಿಯಾಗಿತ್ತು. ಫೋನು ಇಟ್ಟ ಮೇಲೆ ಆ ಖುಷಿ ನೆನೆದು, ಬರೆದ ಹಾಳೆಯನ್ನು ಮಗುಚಿ ಇಟ್ಟರು.

ಭಾನುವಾರದ ಹೊತ್ತಿಗೆ ಗುಡ್ಡ ಬೇರೆಯೇ ಆಗಿತ್ತು. ಎರಡು ಮಳೆಗೆ ಕಲ್ಲುಗಳ ಸಂದಿಯಲ್ಲೆಲ್ಲ ಹಸಿರು ಚಿಗಿತಿತ್ತು. ಕೆಂಪು ಮಖಮಲ್ಲಿನಂಥ ಮಳೆಹುಳುಗಳು ದಾರಿಯ ಮೇಲೆ ಹರಿದಾಡುತ್ತಿದ್ದವು, ಜನ ಅವನ್ನು ತುಳಿಯದಂತೆ ಸೀರೆ, ಪ್ಯಾಂಟು ಎತ್ತಿ ಹೆಜ್ಜೆ ಇಡುತ್ತಿದ್ದರು. ಅದೂ ಲೇಲೆಯವರ ಪಾಠವೇ. ಗೌಜಲ ಹಕ್ಕಿಯೊಂದು ತನ್ನ ಮರಿಗಳನ್ನು ಹಿಂದಿಟ್ಟುಕೊಂಡು ದಾರಿಗೆ ಬಂದಿತು, ಇಷ್ಟು ಜನರನ್ನು ನೋಡಿ ತಬ್ಬಿಬ್ಬಾಗಿ ನಿಂತಿತು. "ನಿಲ್ರಿ, ನಿಲ್ರಿ, ಹಾದು ಹೋಗ್ಲಿ," ಎಂದು ಮುಂದಿದ್ದವರು ಕೈ ಅಡ್ಡ ಹಿಡಿದರು. ಇಡೀ ಮಂಡಳ ಉಸಿರು ಹಿಡಿದು ನಿಂತಿತು. ಮರಿಗಳು ಒಂದರ ಹಿಂದೆ ಒಂದು ಓಡಿ ಹುಲ್ಲಿನಲ್ಲಿ ಮರೆಯಾದವು. ಲೇಲೆಯವರು ಆ ಜನರ ಮುಖಗಳನ್ನು ನೋಡಿದರು. ಇವರನ್ನು ಹೀಗೆ ಮಾಡಿದವನು ನಾನು ಎಂದು ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.

ಇವತ್ತು ಹೇಳಿಬಿಡುವುದೆಂದು ಅವರು ನಿಶ್ಚಯಿಸಿ ಬಂದಿದ್ದರು. ಮುಖದ ಮೇಲೆ ಉಗುಳಿದರೆ ಉಗುಳಲಿ. ಭಾನುವಾರದ ಪಾಠ ನಿಂತರೆ ನಿಲ್ಲಲಿ.

ಫಲಕಕ್ಕೆ ಘಾಟೆಯವರ ಹೆಂಡತಿಯ ಹಳೆಯ ಶಾಲು ಹೊದಿಸಿತ್ತು. ಘಾಟೆಯವರು ಭಾಷಣ ಮಾಡಿದರು. ತೆಂಗಿನಕಾಯಿ, ಕುಂಕುಮ, ಊದುಬತ್ತಿ ಎಲ್ಲ ಬಂಡೆಯ ಮೇಲೆ ಸಾಲಾಗಿದ್ದವು, ಸತ್ತ ಹಾವಿಗೆ ತಿಥಿ ಮಾಡುವವರ ಹಾಗೆ. ಶಾಲು ಸರಿಸಿದಾಗ ಜನ ಓದಿದರು, ಕನ್ನಡಿಯ ಮಾತಿಗೆ ನಗು ಎದ್ದಿತು. "ಇನ್ನ ನಮ್ಮ ಲೇಲೆ ಸರ್ ಎರಡು ಮಾತು," ಎಂದರು ಘಾಟೆ.

ಲೇಲೆಯವರು ಮುಂದೆ ಬಂದರು.

"ಈ ಹಾವು ಕೊಂದಾಂವ ನಾನು," ಎಂದರು.

ನಗು ನಿಂತಿತು.

"ಆ ಕಾಲೇಜು ಹುಡುಗರಲ್ಲ. ಕುಡಿಯೋ ಮಂದಿನೂ ಅಲ್ಲ. ಸುಮ್ಮನ ಅವರ ಮ್ಯಾಲೆ ಹಾಕೂದು ಬ್ಯಾಡ. ಕೊಂದಾಂವ ನಾನು. ಈ ಕೈಲೆ. ಇಷ್ಟು ವರ್ಷ ನಿಮಗ ಪಾಠಾ ಹೇಳಿದಾಂವ ನಾನ ಕೊಂದೀನಿ."

ಒಂದು ಟಿಟ್ಟಿಭ ಹಕ್ಕಿ ಕೂಗುತ್ತ ತಲೆಯ ಮೇಲೆ ಹಾದುಹೋಯಿತು. ಹಿಂದಿನ ಸಾಲಿನಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಕೂಡಿಕೊಂಡರು. ನೋಡುನೋಡುತ್ತ ತಿರುವಿನ ತುಂಬ ಚಪ್ಪಾಳೆ. ಘಾಟೆಯವರ ಕಣ್ಣಿನಲ್ಲಿ ನೀರು ಬಂದಿತ್ತು. ಅವರು ಬಂದು ಲೇಲೆಯವರನ್ನು ತಬ್ಬಿಕೊಂಡರು.

"ಕೇಳಿದ್ರೆಲ್ಲ? ಇದಕ್ಕ ಅನ್ನೂದು ದೊಡ್ಡ ಮನಸ್ಸು ಅಂತ. ಯಾವನೋ ಮಾಡಿದ ಪಾಪ ತಮ್ಮ ತಲೀಮ್ಯಾಲೆ ಹೊತಗೊಂಡ್ರು. ನನ್ನ ಪಾಠ ಕಡಿಮಿ ಬಿತ್ತು, ಅದಕ್ಕ ಹಾವು ಸತ್ತಿತು ಅನ್ನಾಕತ್ತಾರ. ಸಂತರ ನಾಡು ಇದು ಅಂತ ಸುಮ್ನ ಅಂತಾರೇನು?"

"ಅಲ್ರೀ ಘಾಟೆ, ಖರೇನ ನಾನ..."

"ನೀವೊಬ್ರ ಅಲ್ಲ ಸರ್, ನಾವೆಲ್ಲಾರೂ ಕೊಂದೀವಿ," ಎಂದು ಒಬ್ಬರು ಕೂಗಿದರು. ಹೆಂಗಸರ ಸಾಲಿನಿಂದ "ಹೌದ್ರಿ, ನಾವೆಲ್ಲಾರೂ" ಎಂದು ಬಂತು. ಒಂದು ಗಳಿಗೆಯಲ್ಲಿ ಆ ಬಡ ಹಾವಿಗೆ ಕೊಲೆಗಾರರ ಜಾತ್ರೆಯೇ ನೆರೆಯಿತು. ಎಲ್ಲರಿಗೂ ಎದೆ ತುಂಬಿತ್ತು, ಎಲ್ಲರೂ ತಮ್ಮನ್ನು ತಾವೇ ಮೆಚ್ಚಿಕೊಂಡಿದ್ದರು.

ಇನ್ನೊಂದು ಮಾತು ಸಾಕಾಗುತ್ತಿತ್ತು. ಅವತ್ತು ಬೆಳಿಗ್ಗೆ ಇದೇ ಬಂಡೆಯ ಮೇಲೆ ಕಾಲಿಟ್ಟು ಲೇಸು ಕಟ್ಟುತ್ತಿದ್ದೆ ಎಂದರೆ ಮುಗಿದಿತ್ತು. ಮಾತು ನಾಲಗೆಯ ಮೇಲೆಯೇ ಇತ್ತು. ಅಷ್ಟರಲ್ಲಿ ಯಾರೋ ತೆಂಗಿನಕಾಯಿ ತಂದು ಅವರ ಕೈಗಿಟ್ಟರು, "ನಿಮ್ಮ ಕೈಲೇನ ಒಡೀರಿ ಸರ್." ಲೇಲೆಯವರು ಒಡೆದರು. ಕಾಯಿ ಒಂದೇ ಏಟಿಗೆ ಎರಡು ಹೋಳಾಯಿತು, ಜನ ಶುಭವೆಂದರು. ನಾಲಗೆಯ ಮೇಲಿದ್ದದ್ದು ಹೊಟ್ಟೆಗೆ ಇಳಿದಿತ್ತು. ಹೇಳಿಯೂ ಆಯಿತು, ಯಾರಿಗೂ ಗೊತ್ತೂ ಆಗಲಿಲ್ಲ ಎಂದು ಒಳಗೆಲ್ಲೋ ಒಂದು ಹಗುರ. ಆ ಹಗುರ ಎಂಥದೆಂದು ಅವರಿಗೆ ತಿಳಿಯಿತು, ತಿಳಿದೂ ಸುಮ್ಮನೆ ನಿಂತರು.

ಇಳಿದ ಮೇಲೆ ತಗಡಿನ ಮಾಡಿನ ಕೆಳಗೆ ಅವಲಕ್ಕಿ, ಚಹ. ಲೇಲೆಯವರು ಮೂಲೆಯ ಬೆಂಚಿನ ಮೇಲೆ ಕುಳಿತಿದ್ದರು. ಹಾದು ಹೋಗುವವರೆಲ್ಲ ಭುಜ ಮುಟ್ಟಿ ಹೋಗುತ್ತಿದ್ದರು. ಬರ್ವೆ ತನ್ನ ಕಪ್ಪು ಹಿಡಿದು ಬಂದು ಪಕ್ಕದಲ್ಲಿ ಕುಳಿತಳು. ಅವಳು ಚಪ್ಪಾಳೆ ತಟ್ಟಿರಲಿಲ್ಲವೆಂಬುದು ಲೇಲೆಯವರಿಗೆ ಆಗ ನೆನಪಾಯಿತು.

"ಸರ್, ನೀವಂದದ್ದು ಖರೇನ ಅದ, ಹೌದಿಲ್ಲೋ?"

"ಹೂಂ."

"ಅವತ್ತ ನಾವು ಹತ್ತಬೇಕಾದ್ರ ನೀವು ಇಳೀಲಿಕ್ಕೆ ಹತ್ತಿದ್ರಿ. ನಾನಿಲ್ಲದ ಯಾವತ್ತೂ ತುದಿಗೆ ಹೋದಾವರಲ್ಲ. ಆಗ ಅನ್ನಿಸಿತ್ತು." ಅವಳು ಕಪ್ಪಿನೊಳಗೆ ನೋಡುತ್ತ ಕೇಳಿದಳು. "ಬೆನ್ನಿಗೆ ಬಿದ್ದದ್ದು ಮೊದಲಿಂದು?"

"ಹೌದು."

"ಅದು ಹೆದರಿ."

"ಹೌದು. ಮಂಡಲ ಅಂದ್ಕೊಂಡೆ."

"ಆಮ್ಯಾಲಿನ ಎರಡೂ ಹೆದರೇ ಏನು?"

ಇಲ್ಲಿಯೂ ಒಂದು ಸುಳ್ಳು ಸಾಕಾಗುತ್ತಿತ್ತು, ಅವಳು ನಂಬುತ್ತಿದ್ದಳು. ನಂಬಬೇಕೆಂದೇ ಅವಳು ಹಾಗೆ ಕೇಳಿದ್ದು. ಲೇಲೆಯವರು ಪಕ್ಕದ ಗೋಡೆಯ ಕಡೆ ನೋಡಿದರು.

"ಬಾಲ ಕಂಡಿತ್ತು," ಎಂದರು.

ಬರ್ವೆ ಅವರ ಕಡೆ ತಿರುಗಿದಳು.

"ಕಂಡಮ್ಯಾಲೆ ಸಿಟ್ಟು ಬಂತು. ಇಂಥಾದಕ್ಕ ಹೆದರಿದೆನಲ್ಲಾ ಅಂತ. ನಾನು. ಊರಿಗೆಲ್ಲಾ ಹೆದರಬ್ಯಾಡ್ರಿ ಅಂತ ಹೇಳಾಂವ. ಅದು ನನ್ನ ಹೆದರಿಸಿದ್ದು ಅದಕ್ಕೂ ಗೊತ್ತು, ನನಗೂ ಗೊತ್ತು. ಯಾರಿಗೂ ಗೊತ್ತಾಗಬಾರದು ಅಂತ ಹೊಡದೆ, ಬರ್ವೆಬಾಯಿ. ಅಲ್ಲಿ ಯಾರೂ ಇರಲಿಲ್ಲ. ಹಾವಿಗೇ ಗೊತ್ತಾಗಬಾರದು ಅಂತ ಹೊಡದೆ."

ಆಚೆ ಘಾಟೆ ಯಾರಿಗೋ ಕನ್ನಡಿಯ ಮಾತನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಬರ್ವೆ ತನ್ನ ಕಪ್ಪು ಕೆಳಗಿಟ್ಟಳು. ಆಸ್ಪತ್ರೆಯಲ್ಲಿ ಎಂಥೆಂಥ ಮನುಷ್ಯರ ಎಂಥೆಂಥ ಗಾಯ ತೊಳೆದ ಕೈ ಒಮ್ಮೆ ಅವರ ಕಡೆ ಬರುವಂತೆ ಕಂಡು ಮಡಿಲಿಗೆ ಮರಳಿತು.

"ಚಹಾ ಆರ್ತದ, ಕುಡೀರಿ," ಎಂದು ಎದ್ದು ಹೋದಳು.

ಸೋಮವಾರ ಲೇಲೆಯವರಿಗೆ ಗುಡ್ಡಕ್ಕೆ ಹೋಗುವ ಮನಸ್ಸಿರಲಿಲ್ಲ. ಮನೆಯಲ್ಲಿದ್ದರೆ ಸುಲಭಾ ಯಾಕೆಂದು ಕೇಳುತ್ತಾಳೆ. ಬರ್ವೆ ಇನ್ನು ಬರುವುದಿಲ್ಲವೆಂದು ಅವರಿಗೆ ಖಾತ್ರಿಯಿತ್ತು, ಬಾರದಿದ್ದರೆ ಒಳ್ಳೆಯದೆಂದೂ ಅನ್ನಿಸಿತ್ತು. ಆದರೆ ಬುಡದ ಬೇವಿನ ಕೆಳಗೆ ಅವಳು ಎಂದಿನಂತೆ ಕಾಯುತ್ತಿದ್ದಳು. ನಮಸ್ಕಾರವೆಂದಳು, ಮಳೆ ಬಂದೀತೆಂದಳು. ಲೇಲೆಯವರು ರೂಢಿಯ ಮೇಲೆ ಮುಂದೆ ಹೆಜ್ಜೆಯಿಟ್ಟರು. ಅವಳು ಅವರನ್ನು ಬಳಸಿ ಮುಂದಾದಳು.

ತಿರುವಿನಲ್ಲಿ ಇಬ್ಬರು ಹೊಸಬರು ಫಲಕದ ಚಿತ್ರ ತೆಗೆಯುತ್ತಿದ್ದರು. ಎಳೆಯ ಗಂಡ ಹೆಂಡತಿ. ಹುಡುಗಿ ಗಟ್ಟಿಯಾಗಿ ಓದಿ, ಕನ್ನಡಿಯ ಹತ್ತಿರ ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಹೊಡದಾಂವ ಓದಿದ್ನೋ ಇಲ್ಲೋ ಯಾರಿಗೊತ್ತು," ಎಂದ ಹುಡುಗ. ಇವರನ್ನು ನೋಡಿ, "ಯಾರ ಬರದದ್ದು ಕಾಕಾ ಇದು? ಭಾರೀ ಅದ," ಎಂದ.

ಲೇಲೆಯವರು ತಮ್ಮ ಶೂಸಿನ ಲೇಸು ನೋಡಿಕೊಂಡರು. "ದಾರೀ ಬಿಡ್ರೆಪಾ," ಎಂದಷ್ಟೇ ಅಂದು ಬರ್ವೆ ಆ ಇಬ್ಬರನ್ನು ದಾಟಿದಳು.

ಬಂಡೆಯ ಹತ್ತಿರ ದಾರಿ ಕಿರಿದಾಗುತ್ತದೆ, ಹುಲ್ಲು ಎರಡು ಕಡೆಯಿಂದಲೂ ಒಳಗೆ ಬಾಗಿರುತ್ತದೆ. ಅಲ್ಲಿ ಬರ್ವೆ ನಿಂತಳು. ಹುಲ್ಲನ್ನು ಒಂದು ಕೈಯಿಂದ ಸರಿಸಿದಳು. ಬಗ್ಗಿ ಬಂಡೆಯ ಬುಡವನ್ನು, ಸಂದಿಯನ್ನು, ಆಚೆ ಬದಿಯನ್ನು ಎಲ್ಲ ಒಂದೊಂದಾಗಿ ನೋಡಿದಳು. ಸಂದಿಯಲ್ಲಿ ಎಲೆಯೊಂದು ಅಲುಗಿದಾಗ ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ಬಗ್ಗಿದಳು. ಆಮೇಲೆ ಅವಳು ತಿರುಗಿ, ಮಗುವಿಗೆ ಹೇಳುವಷ್ಟು ಮೆಲ್ಲಗೆ ಹೇಳಿದಳು.

"ಬರ್ರಿ ಸರ್. ಏನೂ ಇಲ್ಲ."

ಲೇಲೆಯವರು ಒಂದು ಗಳಿಗೆ ನಿಂತರು. ಹಿಂದಿನಿಂದ ಆ ಹುಡುಗಿಯ ನಗು ಇನ್ನೊಮ್ಮೆ ಕೇಳಿಸಿತು. ಅವರು ತಲೆ ತಗ್ಗಿಸಿ, ಅವಳು ಕಾಲಿಟ್ಟಲ್ಲೇ ಕಾಲಿಡುತ್ತ ಹತ್ತತೊಡಗಿದರು.